ಅಮ್ಮನನ್ನು ಮೇಲೆತ್ತಿದ ದಿನ

ಮುಂದಿನ ಸೀಟಿನ ಹೆಂಗಸಿನ ಹೊಸ ಜಾಕೆಟ್ಟಿನ ಕುತ್ತಿಗೆಯ ಹಿಂದೆ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿದೆ, ಹೇಳಲೋ ಬೇಡವೋ, ಹೇಳಿದರೆ ತಿರುಗಿ ನಕ್ಕು ಮಾತಿಗೆ ಶುರುಮಾಡುತ್ತಾಳೆ, ಯಾವ ಕಡೆಯವರು ನೀವು, ಇದೇ ಮೊದಲ ಸಲವೇ ಎಂದು ಕೇಳುತ್ತಾಳೆ, ಆಮೇಲೆ ಉತ್ತರ ಹುಡುಕಬೇಕು, ಬೇಡ, ನೇತಾಡಲಿ — ಬೆಟ್ಟ ಹತ್ತಲೆಂದೇ ಕೊಂಡ ಜಾಕೆಟ್ಟು, ಹತ್ತುತ್ತಿರುವುದು ಮಾತ್ರ ಬಸ್ಸು — ಲೊರೇತಾ ಕಿಟಕಿಗೆ ಹಣೆಯೊತ್ತಿದಳು, ಗಾಜು ತಣ್ಣಗಿತ್ತು, ಒಂಬತ್ತನೆಯ ತಿರುವು, ಹತ್ತು, ಹನ್ನೊಂದರಲ್ಲಿ ಊರು ಕಾಣಬೇಕು, ಕಂಡಿತು, ಬಂಡೆಯ ನೆತ್ತಿಯನ್ನು ಕಚ್ಚಿಕೊಂಡ ಬೂದು ಮನೆಗಳು, ಗಂಟೆಗೋಪುರ, ಬಸ್ಸಿನ ಹದಿನಾರು ಜನವೂ ಒಟ್ಟಿಗೆ ಫೋನು ಎತ್ತಿದರು, ಪಾದ್ರಿ ಪ್ರಸಾದ ಎತ್ತಿ ಹಿಡಿದಾಗ ಇಡೀ ಚರ್ಚು ತಲೆತಗ್ಗಿಸುತ್ತದಲ್ಲ ಹಾಗೆ, ಒಂದೇ ಹೊತ್ತಿಗೆ. ಎಷ್ಟ್ ಚೆನ್ನಾಗಿದೆ ನೋಡಿ, ಥೇಟ್ ಹಕ್ಕಿ ಗೂಡು, ಎಂದಳು ಜಾಕೆಟ್ಟಿನವಳು ಪಕ್ಕದ ಗಂಡನಿಗೆ, ಇಲ್ಲಿ ಹುಟ್ಟಿದೋರು ಪುಣ್ಯ ಮಾಡಿರ್ಬೇಕು ಕಣ್ರಿ. ಪುಣ್ಯ ಮಾಡಿದವಳಿಗೆ ಅರವತ್ತೆಂಟು ವರ್ಷ, ಎಡಮಂಡಿಯಲ್ಲಿ ನೋವು, ಸ್ವಿಟ್ಜರ್ಲೆಂಡಿನಿಂದ ಎರಡು ರೈಲು ಬದಲಿಸಿ ಬಂದ ಸೊಂಟ, ಕೈಚೀಲದಲ್ಲಿ ಹುಟ್ಟೂರು ರೊಕ್ಕಾಸ್ಪೀನಾದ ಕಚೇರಿಯಿಂದ ಬಂದ ಕಾಗದ: ನಿಮ್ಮ ತಾಯಿ ದಿವಂಗತ ಎರ್ಮೀನಿಯಾ ಅವರನ್ನು ಮಣ್ಣಿಗಿಟ್ಟು ಮೂವತ್ತು ವರ್ಷ ತುಂಬಿರುವುದರಿಂದಲೂ ಸ್ಮಶಾನದಲ್ಲಿ ಜಾಗದ ಅಭಾವವಿರುವುದರಿಂದಲೂ ಇದೇ ಅಕ್ಟೋಬರ್ ಹದಿನೆಂಟರಂದು ಬೆಳಿಗ್ಗೆ ಹತ್ತು ಗಂಟೆಗೆ ಅಸ್ಥಿಯನ್ನು ಹೊರತೆಗೆದು ಗೋಡೆಯ ಗೂಡಿಗೆ ವರ್ಗಾಯಿಸಲಾಗುವುದು, ವಾರಸುದಾರರು ಬಯಸಿದಲ್ಲಿ ಹಾಜರಿರಬಹುದು. ಬಯಸಿದಲ್ಲಿ. ಊರಿನಲ್ಲಿ ಉಳಿದವರು ಮೂವತ್ತೆಂಟು ಜನ, ಮನೆಗಳು ಇನ್ನೂರು, ಜಾಗದ ಅಭಾವ ಸತ್ತವರಿಗೆ ಮಾತ್ರ. ತಂಗಿ ನತಾಲಿನಾ ಫೋನಿನಲ್ಲಿ ಹೇಳಿದ್ದು ಇಷ್ಟೇ, ಬಂದ್ರೆ ಬಾ ಲೊರೇ, ಇಲ್ದಿದ್ರೆ ನಾನೇ ಸಹಿ ಹಾಕ್ತೀನಿ, ಇಷ್ಟು ದಿನ ಎಲ್ಲಾದಕ್ಕೂ ನಾನೇ ಹಾಕಿದ್ದಲ್ವಾ — ಆ ಮಾತಿಗೇ ಬಂದದ್ದು, ಅಮ್ಮನಿಗಾಗಿ ಅಲ್ಲ, ಅಮ್ಮನಿಗಾಗಿ ಬರಬೇಕಾದಾಗಲೂ ಅವಳು ಮೂರು ದಿನ ತಡವಾಗಿ ಬಂದಿದ್ದಳು, ಕಣಿವೆಯಲ್ಲಿ ಹಿಮ ಬಿದ್ದು ದಾರಿ ಕಟ್ಟಿ, ಬಂದು ನೋಡಿದರೆ ಮಣ್ಣಿನ ಮೇಲೆ ಕೂಡ ಹೊಸ ಹಿಮ, ಇಲ್ಲಿ ಒಬ್ಬರನ್ನು ಹೂತಿದ್ದಾರೆ ಎಂಬ ಗುರುತೂ ಇರಲಿಲ್ಲ.

ಊರಬಾಗಿಲಲ್ಲಿ ಬಸ್ಸು ನಿಂತಿತು, ಕೆಂಪು ಸ್ಕಾರ್ಫಿನ ಹುಡುಗಿಯೊಬ್ಬಳು ತಲೆ ಎಣಿಸುತ್ತಿದ್ದಳು, ಹದಿನೈದು, ಹದಿನಾರು, ಹದಿನೇಳು — ಸಿನ್ಯೋರಾ, ನೀವೂ ನಮ್ ಜೊತೇನೇ ಬನ್ನಿ, ಒಳಗೆಲ್ಲ ಓಣಿ ಗೋಜಲು, ದಾರಿ ತಪ್ಪಿಬಿಡ್ತೀರಿ, ಎಂದು ಕೈಗೆ ನಕ್ಷೆ ಕೊಟ್ಟಳು, ಲೊರೇತಾ ಇಸಕೊಂಡಳು, ಮಡಿಸಿದಳು, ದಾರಿ ತಪ್ಪುವುದಿದ್ದರೆ ಎಂದೋ ತಪ್ಪಿ ಆಯಿತು ಎಂದುಕೊಂಡಳು, ಆದರೂ ಗುಂಪಿನ ಹಿಂದೆಯೇ ನಡೆದಳು, ಒಬ್ಬಳೇ ನಡೆದರೆ ಯಾವುದಾದರೂ ಕಿಟಕಿಯಿಂದ ಯಾರಾದರೂ ಗುರುತು ಹಿಡಿಯಬಹುದೆಂಬ ಅಂಜಿಕೆ, ಯಾರೂ ಹಿಡಿಯಲಾರರೆಂಬ ಅಂಜಿಕೆ, ಎರಡೂ. ಮೆಟ್ಟಿಲುಗಳನ್ನು ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ್ದಾರೆ, ಬಾಗಿಲಿಗೊಂದು ಹೂಕುಂಡ, ಎಲ್ಲ ಕುಂಡದಲ್ಲೂ ಒಂದೇ ಹೂವು, ಇಲ್ಲಿ ಹೇಸರಗತ್ತೆಯ ಲದ್ದಿ ಇರುತ್ತಿತ್ತು, ಇಲ್ಲಿ ಬೊಕ್ಕಬಾಯಿಯ ಚೆಲೆಸ್ತೀನಾ ಕೂತು ಹೋಗಿಬರುವವರನ್ನೆಲ್ಲ ಬಯ್ಯುತ್ತಿದ್ದಳು, ಈಗ ಬಯ್ಯುವವರಿಗೂ ಗತಿಯಿಲ್ಲ, ಕಿಟಕಿಗಳೆಲ್ಲ ಮುಚ್ಚಿ ಬಣ್ಣ ಹೊಡೆದುಕೊಂಡು ನಿಂತಿವೆ. ಹುಡುಗಿ ಒಂದು ಬಾಗಿಲ ಮುಂದೆ ನಿಂತಳು, ಬಾಗಿಲ ಮೇಲೆ ಮರದ ಹಲಗೆ, ಅಜ್ಜಿಯ ಗೂಡು ಎಂದು ಬರೆದಿದೆ, ಹಳೇ ಕುರುಬರ ಮನೆ ಇದು, ಕೆಳಗೆ ಕುರಿಗಳು, ಮೇಲೆ ಮನುಷ್ಯರು, ಕುರಿಗಳ ಮೈಬಿಸೀಲೇ ಚಳಿಗಾಲ ಕಳೀತಿದ್ರಂತೆ, ಎಷ್ಟು ಸರಳವಾದ ಬದುಕು ಅಲ್ವಾ, ಈಗ ಎರಡು ಕೋಣೆ ಮಾಡಿದಾರೆ, ಇವತ್ತು ಯಾರೂ ಇಳ್ಕೊಂಡಿಲ್ಲ, ಇಣುಕಿ ನೋಡ್ಬಹುದು. ಲೊರೇತಾ ಇಣುಕಿದಳು. ಕುರಿಗಳಿದ್ದ ಜಾಗದಲ್ಲಿ ಬಿಳಿಯ ಸ್ನಾನದ ತೊಟ್ಟಿ, ತೊಟ್ಟಿಯ ಅಂಚಿನಲ್ಲಿ ಮೇಣದಬತ್ತಿ, ಅಪ್ಪ ಇಲ್ಲೇ ಮಂಡಿಯೂರಿ ಕುರಿಯ ಹೊಟ್ಟೆಯೊಳಗೆ ಮೊಣಕೈತನಕ ಕೈಹಾಕಿ ಮರಿ ಎಳೆದದ್ದು, ಉಚ್ಚೆಯ ಘಾಟಿಗೆ ಕಣ್ಣೀರು ಬರುತ್ತಿತ್ತು, ಚಿಗಟ ಕಚ್ಚಿ ಕಾಲು ಕೆಂಪಾಗುತ್ತಿತ್ತು, ಸರಳ ಹೌದು — ಹಿತ್ತಿಲ ಬಾಗಿಲು ಕೂಡ ತೆರೆದೇ ಇತ್ತು, ಅದರಾಚೆ ಬಿಸಿಲು ಬಿದ್ದಿತ್ತು, ಅವಳು ಆ ಕಡೆ ನೋಡಲಿಲ್ಲ, ಹಿಂದಕ್ಕೆ ಸರಿದಳು, ಜಾಕೆಟ್ಟಿನವಳ ಕಾಲು ತುಳಿದಳು, ಕ್ಷಮಿಸಿ ಎಂದಳು, ಎಂದದ್ದು ಜರ್ಮನ್ನಿನಲ್ಲಿ, ನಲವತ್ತಮೂರು ವರ್ಷದ ಅಭ್ಯಾಸ. ಓ, ನೀವು ಹೊರದೇಶದೋರಾ, ಎಂದು ಆ ಹೆಂಗಸು ಅಕ್ಕರೆಯಿಂದ ಕೇಳಿದಳು, ಬಹಳ ನಿಧಾನಕ್ಕೆ, ಒಂದೊಂದೇ ಅಕ್ಷರ ಬಿಡಿಸಿ, ಕಿವುಡರೊಡನೆ ಮಾತಾಡುವ ಹಾಗೆ.

ಸ್ಮಶಾನದ ಕಬ್ಬಿಣದ ಗೇಟಿನ ಬಳಿ ನತಾಲಿನಾ ನಿಂತಿದ್ದಳು, ಪಕ್ಕದಲ್ಲಿ ಬಕೀಟು, ಬಕೀಟಿನೊಳಗೆ ಬ್ರಷ್ಷು, ಸ್ಪಿರಿಟ್ಟಿನ ಬಾಟಲಿ, ಮಡಿಸಿದ ಬಿಳಿ ಹಾಸು, ಮನೆ ತೊಳೆಯಲು ಹೊರಟವಳ ಹಾಗೆ, ಹಾಗೆಯೇ ಅಲ್ಲವೇ ಅವಳು ಯಾವಾಗಲೂ, ಯಾವ ಕೆಲಸಕ್ಕೂ ಇವಳಿಗಿಂತ ಮೊದಲು ಸಿದ್ಧ — ದಪ್ಪಗಾಗಿದ್ದಾಳೆ, ಅಮ್ಮನ ಗದ್ದ ಬಂದಿದೆ, ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದಾಳೆ. ಇಬ್ಬರೂ ಕೆನ್ನೆಗೆ ಕೆನ್ನೆ ತಾಗಿಸಿದರು, ತಾಗಿಸಿದ ಶಾಸ್ತ್ರ. ಗುಂಪಿನ ಜೊತೆ ಬಂದ್ಯಂತೆ, ಎಂದಳು ನತಾಲಿನಾ, ಮನೆ ನೋಡಿದ್ಯಾ, ತೊಟ್ಟಿ ಇಟ್ಟಿದಾರೆ. ನೋಡಿದೆ. ಮನೆ ಮಾರೋ ಕಾಗದಕ್ಕೆ ಸಹಿ ಹಾಕುವಾಗ ನಿಂಗೆ ಫೋನ್ ಮಾಡಿದ್ದೆ, ನೀನೇ ಅಂದಿದ್ದು ಏನಾರ ಮಾಡ್ಕೊ ಅಂತ. ಅಂದಿದ್ದೆ, ನಾನೇನು ಕೇಳಿದ್ನಾ ಈಗ. ಕೇಳಿಲ್ಲ, ಮುಖ ಕೇಳ್ತಿದೆ. ಆಗ ನತಾಲಿನಾಳ ಕೋಟಿನ ಜೇಬಿನಲ್ಲಿ ಫೋನು ಬಡಿದುಕೊಂಡಿತು, ಅವಳ ಮುಖ ಪೂರ್ತಿ ಬೇರೆಯಾಯಿತು, ಒಳಗೆ ಯಾರೋ ದೀಪ ಹಚ್ಚಿದ ಹಾಗೆ, ಹೂಂ ಪುಟ್ಟಾ, ಹಾಕ್ಕೊಂಡಿದೀನಿ, ಉಣ್ಣೇದೇ ಹಾಕ್ಕೊಂಡಿರೋದು, ಇಲ್ಲ ಮಳೆ ಇಲ್ಲ, ಹೂಂ, ಬಂದಿದಾಳೆ — ಫೋನಿನ ಆಚೆಯಿಂದ ಸಣ್ಣಗೆ ಆದರೆ ಸ್ಪಷ್ಟವಾಗಿ ಕೇಳುತ್ತಿತ್ತು, ಮಮ್ಮಾ ನೀನು ಬಗ್ಗಿ ಏನೂ ಎತ್ತಬೇಡ, ದೊನಾತೋ ಎತ್ತಲಿ, ಮಮ್ಮಾ ಕೇಳಿಸ್ತಾ — ಇವಾನಾ, ನಲವತ್ತನಾಲ್ಕು ವರ್ಷ, ಸಮುದ್ರದ ದಂಡೆಯ ಪಟ್ಟಣದಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಕೆಲಸ, ಲೊರೇತಾಳ ಹೊಟ್ಟೆಯಿಂದ ಬಂದವಳು, ಲೊರೇತಾಳ ಹೊಟ್ಟೆಯ ಮೇಲೆ ಅವಳ ಗುರುತು ಇನ್ನೂ ಇದೆ, ಸ್ನಾನ ಮಾಡುವಾಗೆಲ್ಲ ಕಾಣುತ್ತದೆ, ಮಮ್ಮಾ ಅನ್ನುವುದು ಮಾತ್ರ ನತಾಲಿನಾಳಿಗೆ, ಹೊಟ್ಟೆಯಲ್ಲಿ ಒಂದು ಇಲಿಯನ್ನೂ ಹೊರದ ನತಾಲಿನಾಳಿಗೆ. ಬಂದಿದಾಳೆ, ಇಷ್ಟೇ, ಹೆಸರೂ ಇಲ್ಲ.

ದೊನಾತೋ ಆಗಲೇ ಅರ್ಧ ತೋಡಿದ್ದ, ಬಿಳಿ ಮೇಲಂಗಿ, ರಬ್ಬರು ಗವುಸು, ಬೇರೆ ದಿನ ಊರಿನ ಬಸ್ಸು ಓಡಿಸುವವನೂ ಅವನೇ, ಹಿಮ ಗೋರುವವನೂ ಅವನೇ, ಹೆಣ ಹೂಳುವವನೂ ತೆಗೆಯುವವನೂ ಅವನೇ, ನತಾಲಿನಾಳನ್ನು ಜಿಯಾ ಎನ್ನುತ್ತಾನೆ, ಊರಿಗೆಲ್ಲ ಅವಳು ಅತ್ತೆಯಾಗಿಬಿಟ್ಟಿದ್ದಾಳೆ, ಲೊರೇತಾ ಮಾತ್ರ ಹೊರಗಿನ ಅಮ್ಮಾವ್ರು, ಸಿನ್ಯೋರಾ. ಸಿನ್ಯೋರಾ, ನೀವು ಆ ಕಲ್ಲಿನ ಮೇಲೆ ಕೂತ್ಕೊಳ್ಳಿ, ಎಲ್ಲರಿಗೂ ನೋಡಕ್ಕಾಗಲ್ಲ ಇದು, ಹೋದ ವಾರ ಒಬ್ರು ಬಿದ್ದೇಬಿಟ್ರು. ನಾ ಬೀಳಲ್ಲ ತೋಡು, ಎಂದಳು. ಗುದ್ದಲಿ ಮಣ್ಣಿಗೆ ಬೀಳುವ ಸದ್ದು, ತೆಗೆದ ಸದ್ದು, ಬೀಳುವ ಸದ್ದು, ಮಣ್ಣಿನ ವಾಸನೆ ತಣ್ಣಗೆ, ಆಲೂಗಡ್ಡೆ ಕೀಳುವಾಗಿನ ವಾಸನೆ, ಅಮ್ಮ ಮುಂದೆ, ಇವಳು ಹಿಂದೆ, ನತಾಲಿನಾ ಅದಕ್ಕೂ ಹಿಂದೆ ಬುಟ್ಟಿ ಹಿಡಿದು, ಅಪ್ಪ ಕುರಿಗಳ ಜೊತೆ ತಗ್ಗುಸೀಮೆಗೆ ಇಳಿದು ಹೋಗಿ ಅಲ್ಲೇ ಜ್ವರ ಬಂದು ಸತ್ತ ವರ್ಷ — ಆಮೇಲೆ ಮದುವೆ, ಎಲ್ವಿಯೊ, ಗಾರೆಕೆಲಸದವನು, ಕೆಲಸ ಸ್ವಿಟ್ಜರ್ಲೆಂಡಿನಲ್ಲಿ, ಒಂಬತ್ತು ತಿಂಗಳಿಗೊಂದು ಪರವಾನಗಿ, ಪರವಾನಗಿಯ ಮೇಲೆ ಗಂಡಸಿನ ಹೆಸರು, ಹೆಂಗಸಿನ ಹೆಸರು, ಮಗುವಿನ ಹೆಸರಿಗೆ ಜಾಗವೇ ಇರಲಿಲ್ಲ, ಮಕ್ಕಳನ್ನು ತರುವಂತಿಲ್ಲ, ತಂದವರು ಕೋಣೆಯಲ್ಲಿ ಬಚ್ಚಿಟ್ಟು, ಅಳಬೇಡ ಅಳಬೇಡ ಎಂದು ಬಾಯಿಗೆ ಕೈಯಿಟ್ಟು ಬೆಳೆಸುತ್ತಿದ್ದರು, ಲೊರೇತಾ ಎಂಟು ತಿಂಗಳ ಇವಾನಾಳನ್ನು ಅಮ್ಮನ ಮಡಿಲಿಗೆ ಹಾಕಿ ಹೋದಳು, ಎದೆಯ ಹಾಲು ರೈಲಿನಲ್ಲಿ ಎರಡು ದಿನ ಸೋರಿ ರವಿಕೆ ಗಟ್ಟಿಯಾಯಿತು, ಎದುರು ಕೂತವನು ಕಿಟಕಿ ತೆರೆದ, ವಾಸನೆಗೆ. ಒಂದು ವರ್ಷ ಅಂದುಕೊಂಡದ್ದು ಆರಾಯಿತು. ಕೊನೆಗೆ ಪಕ್ಕಾ ಪರವಾನಗಿ ಬಂತು, ಎಲ್ವಿಯೊ ಅಡುಗೆಮನೆಯ ಮೂಲೆಗೆ ಸಣ್ಣದೊಂದು ಮಂಚ ಮಾಡಿ ಹಳದಿ ಬಣ್ಣ ಹೊಡೆದ, ಒಂದ್ ವಾರ ಅಳ್ತಾಳೆ ಲೊರೇ, ಆಮೇಲೆ ಸರಿಹೋಗ್ತಾಳೆ, ನೀ ಗಟ್ಟಿ ಇರು, ಎಂದು ರೈಲು ಹತ್ತಿಸಿದ, ಎಪ್ಪತ್ತೊಂಬತ್ತರ ಆಗಸ್ಟು, ಅವಳು ಗಟ್ಟಿಯಿದ್ದಳು, ಬಾಗಿಲಲ್ಲಿ ಏಳು ವರ್ಷದ ಹುಡುಗಿ ಬರಿಗಾಲಲ್ಲಿ ನಿಂತು ಇವಳನ್ನು ಮೇಲಿಂದ ಕೆಳಗೆ ನೋಡಿ ಒಳಗೆ ತಿರುಗಿ, ಮಮ್ಮಾ, ಯಾರೋ ಬಂದಿದಾರೆ, ಎಂದಾಗಲೂ ಗಟ್ಟಿಯಿದ್ದಳು, ಆ ಕೂಗಿಗೆ ನತಾಲಿನಾ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಹೊರಬಂದಾಗಲೂ ಗಟ್ಟಿ — ಮೂರು ದಿನ ಇದ್ದಳು, ಮೂರನೆಯ ದಿನ ಹೊರಟಳು, ಒಬ್ಬಳೇ. ಎಲ್ವಿಯೊನಿಗೆ ಏನು ಹೇಳಿದಳು, ಹುಡುಗಿಗೆ ಜ್ವರ, ಡಾಕ್ಟರು ಬೆಟ್ಟದ ಗಾಳೀನೇ ಒಳ್ಳೇದು ಅಂದ್ರು, ಎಂದಳು, ಅವನು ನಂಬಿದನೋ ಇಲ್ಲವೋ, ಒಂದು ವರ್ಷ ಕಾದ, ಆಮೇಲೆ ಒಂದು ಭಾನುವಾರ ಹಳದಿ ಮಂಚದ ಮೊಳೆಗಳನ್ನು ಒಂದೊಂದೇ ಕಿತ್ತು ಡಬ್ಬಿಗೆ ಹಾಕಿದ, ಸಾಯುವವರೆಗೂ ಕೇಳಲಿಲ್ಲ.

ಸಿಕ್ತು, ಎಂದ ದೊನಾತೋ. ಮರ ಕೊಳೆತು ಮಣ್ಣೇ ಆಗಿತ್ತು, ಮುಚ್ಚಳ ಎಂಬುದು ಕಪ್ಪು ಪುಡಿ, ಅವನು ಗುದ್ದಲಿ ಬಿಟ್ಟು ಕೈಯಲ್ಲೇ ಬಳಿಯತೊಡಗಿದ, ನತಾಲಿನಾ ಹಾಸನ್ನು ಹುಲ್ಲಿನ ಮೇಲೆ ಹರವಿ ನಾಲ್ಕು ಮೂಲೆಗೂ ಕಲ್ಲಿಟ್ಟಳು, ತಲೆಬುರುಡೆಯನ್ನು ಎರಡೂ ಕೈ ಚಾಚಿ ಇಸಕೊಂಡಳು, ಬಾ ಅಮ್ಮಾ, ಎಂದಳು, ಸುಮ್ಮನೆ, ಮಹಡಿಯಿಂದ ಇಳಿಸಿಕೊಳ್ಳುವ ಹಾಗೆ, ಬ್ರಷ್ಷಿನಿಂದ ಕಣ್ಣಿನ ಗುಳಿಗಳನ್ನು ಒರೆಸಿದಳು, ಲೊರೇತಾ ನೋಡಿದಳು, ಅಮ್ಮ ಎಂದು ಏನೂ ಅನ್ನಿಸಲಿಲ್ಲ, ಕಂದು ಬಣ್ಣದ ಹಳೆಯ ಪಾತ್ರೆ, ಇದಕ್ಕಾಗಿ ಎರಡು ರೈಲು — ಬೆನ್ನೆಲುಬು, ಪಕ್ಕೆ, ಜಪಮಾಲೆಯ ಮಣಿಗಳು, ನಾಲ್ಕು ಗುಂಡಿ, ಅಂಗಿ ಹೋಗಿ ಗುಂಡಿ ಉಳಿದಿವೆ, ಸೊಂಟ, ತೊಡೆ, ಆಮೇಲೆ ದೊನಾತೋ, ನೋಡಿ, ಇದಿದೆಯಲ್ಲ ಇದು ಸಾಯಲ್ಲ, ಉಣ್ಣೆ ಹೋಗತ್ತೆ, ರೇಷ್ಮೆ ಹೋಗತ್ತೆ, ಹತ್ತಿ ಎಲ್ಲಕ್ಕಿಂತ ಮೊದ್ಲು, ನೈಲಾನ್ ಮಾತ್ರ ನಾವು ನೀವು ಹೋದ್ರೂ ಹೋಗಲ್ಲ, ಎಂದು ಎತ್ತಿ ತೋರಿಸಿದ. ಕಾಲುಚೀಲ. ಮಂಡಿಯ ಮೇಲಿನವರೆಗೆ ಬರುವ ಉದ್ದನೆಯ ತೆಳು ಕಾಲುಚೀಲ, ಮಣ್ಣು ಮೆತ್ತಿದ್ದರೂ ಚರ್ಮದ ಬಣ್ಣದ್ದೇ, ಒಳಗೆ ಕಾಲಿನ ಎರಡು ಎಲುಬು, ಪಾದದ ಚೂರುಗಳೆಲ್ಲ ತುದಿಯಲ್ಲಿ ಸೇರಿ ಜೋಲುತ್ತಿವೆ, ಮೇಲಂಚಿನಲ್ಲಿ ಜೋಡಿ ಮಡಿಕೆ, ಮಡಿಕೆಯ ಮೇಲೆ ಒಂದು ಸಾಲು ಸಣ್ಣ ತೂತಿನ ನೇಯ್ಗೆ — ಆ ಸಾಲನ್ನು ಅವಳು ಕತ್ತಲಲ್ಲಿ ಮುಟ್ಟಿಯೂ ಹೇಳಬಲ್ಲಳು. ಅವಳು ದುಡಿದ ಕಾರ್ಖಾನೆಯದು. ಇಪ್ಪತ್ತೆರಡು ವರ್ಷ ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು ಒಂದೊಂದು ಕಾಲುಚೀಲದೊಳಗೂ ಕೈಯಿಳಿಸಿ, ಬೆರಳು ಅಗಲಿಸಿ, ಬೆಳಕಿಗೆ ಹಿಡಿದು, ಎಳೆ ಬಿಟ್ಟಿದೆಯೇ ಎಂದು ನೋಡುವುದು ಅವಳ ಕೆಲಸ, ಕೈ ಒರಟಾಗಬಾರದೆಂದು ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವನು ಎಲ್ವಿಯೊ. ಕ್ರಿಸ್ಮಸ್ಸಿಗೊಂದು ಜೊತೆ, ಈಸ್ಟರಿಗೊಂದು, ಅಮ್ಮನ ಹೆಸರಿನ ಸಂತಳ ಹಬ್ಬಕ್ಕೊಂದು, ಆರು ವರ್ಷ ತಪ್ಪದೆ ಕಳಿಸಿದಳು, ಊರಿನಲ್ಲಿ ಇನ್ನೊಬ್ಬಳ ಕಾಲಲ್ಲಿ ಇಲ್ಲದ್ದು, ಅಮ್ಮನಿಗೆ ಬರೆಯಲು ಬಾರದು, ನತಾಲಿನಾಳ ಗುಂಡು ಅಕ್ಷರದಲ್ಲಿ ಉತ್ತರ ಬರುತ್ತಿತ್ತು, ಕಾಲುಚೀಲ ತಲುಪಿತು, ಮಗು ಚೆನ್ನಾಗಿದೆ. ತಲುಪಿತು ಎಂಬುದರ ಮುಂದೆ ಇನ್ನೊಂದು ಪದವಿಲ್ಲ. ಆ ಆಗಸ್ಟಿನಲ್ಲಿ, ಬಂದ ಮೂರನೆಯ ಬೆಳಿಗ್ಗೆ, ಟೊಮ್ಯಾಟೊ ಕಿತ್ತು ತಾ ಎಂದು ಅಮ್ಮ ಹಿತ್ತಿಲಿಗೆ ಕಳಿಸಿದಳು, ಬುಟ್ಟಿ ಹಿಡಿದು ಹೋದಳು, ಗೂಟಗಳಿಗೆ ಗಿಡಗಳನ್ನು ಕಟ್ಟಿದ್ದರು, ಉದ್ದಕ್ಕೆ ಸೀಳಿದ ಕಾಲುಚೀಲಗಳಿಂದ, ಸಾಲಿಗೆ ಸಾಲು, ಗಂಟಿನ ಮೇಲೆ ಗಂಟು, ಒಂದು ಗೂಟದಿಂದ ಹಿಮ್ಮಡಿಯ ಭಾಗ ನಾಲಿಗೆಯ ಹಾಗೆ ಇಳಿಬಿದ್ದಿತ್ತು, ಮೇಲಂಚಿನ ತೂತಿನ ಸಾಲು ಬಿಸಿಲಿಗೆ ಫಳಫಳ ಎನ್ನುತ್ತಿತ್ತು. ಅವಳು ಬುಟ್ಟಿಯನ್ನು ಅಲ್ಲೇ ಹಾಕಿ ಒಳಗೆ ಬಂದಳು, ಅಮ್ಮನ ಎದುರು ನಿಂತು ಏನೇನು ಅಂದಳು, ನಾ ಅಲ್ಲಿ ಕಣ್ಣು ಕಳ್ಕೊಂಡು ಕಳಿಸಿದ್ದು ನಿಂಗೆ ಹಗ್ಗ ಅಲ್ವಾ, ನಾನೂ ನಿಂಗೆ ಹಗ್ಗವೇ, ಕಟ್ಟಕ್ಕೆ ಬಿಚ್ಚಕ್ಕೆ, ಅಮ್ಮ ಏಪ್ರನ್ನಿನಡಿ ಕೈ ಕಟ್ಟಿಕೊಂಡು ನಿಂತಿದ್ದಳು, ಬಾಯಿ ಅರ್ಧ ತೆರೆದಿತ್ತು, ಒಂದು ಮಾತೂ ಬರಲಿಲ್ಲ, ಆ ಬಾರದ ಮಾತನ್ನೇ ಅಲ್ಲವೇ ಇವಳು ಒಪ್ಪಿಗೆ ಎಂದು ತಿಳಿದದ್ದು, ಪೆಟ್ಟಿಗೆ ಎತ್ತಿಕೊಂಡಳು, ಬಾಗಿಲಲ್ಲಿ ತಿರುಗಿ ಅಂದಳು, ಎಲ್ಲಾ ನೀವೇ ಇಟ್ಕೊಳ್ಳಿ, ಇವಳನ್ನೂ ನೀವೇ ಇಟ್ಕೊಳ್ಳಿ. ಹುಡುಗಿ ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದಳು, ಕೇಳಿಸಿಕೊಂಡಳು.

ಇದನ್ನ ಯಾರು ಹಾಕಿದ್ದು, ಎಂದು ಲೊರೇತಾ ಕೇಳಿದಳು, ದನಿ ತನ್ನದೇ ಎಂದು ಅನ್ನಿಸಲಿಲ್ಲ. ದೊನಾತೋ ತಗಡಿನ ಪೆಟ್ಟಿಗೆ ತರುತ್ತೇನೆಂದು ಗೇಟಿನ ಕಡೆ ಹೋಗಿದ್ದ, ನತಾಲಿನಾ ತಲೆಯೆತ್ತದೆ ಪಕ್ಕೆಲುಬುಗಳನ್ನು ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದಳು, ನಾನೇ, ಇನ್ಯಾರು, ಅವಳೇ ಕೇಳಿದ್ಳು, ಲೊರೇತಾದು ಹಾಕು ಅಂದ್ಳು, ಒಂದ್ ಜೊತೆ ಕಾಗದ ಬಿಚ್ಚದೆ ಎತ್ತಿಟ್ಟಿದ್ಳು ಇದಕ್ಕೇ ಅಂತ. ಲೊರೇತಾ ನಕ್ಕಳು, ಯಾಕೆ, ಆ ವರ್ಷ ಟೊಮ್ಯಾಟೊಗೆ ಕಡಿಮೆ ಬಿದ್ದಿತ್ತಾ. ನತಾಲಿನಾಳ ಕೈ ನಿಂತಿತು. ಬ್ರಷ್ಷನ್ನು ಬಕೀಟಿನ ಅಂಚಿಗೆ ಒರಗಿಸಿದಳು, ನೇರ ಕೂತಳು, ಮಂಡಿಯ ಮೇಲೆ ಎರಡೂ ಕೈ. ಅವಳು ಕಟ್ಟಿರ್ಲಿಲ್ಲ ಲೊರೇ. ನಾನು ಕಟ್ಟಿದ್ದು. ನೀ ಬರೋ ಹಿಂದಿನ ದಿನ, ಅವಳು ಚರ್ಚಿಗೆ ಹೋಗಿದ್ದಾಗ. ದಾರದಲ್ಲಿ ಕಟ್ಟಿದ್ದನ್ನ ಬಿಚ್ಚಿ ಕಟ್ಟಿದೆ. ಗಾಳಿ ಬೀಸಿತು, ಹಾಸಿನ ಒಂದು ಮೂಲೆ ಏಳಲು ನೋಡಿತು, ಕಲ್ಲು ಬಿಡಲಿಲ್ಲ. ಅವಳು ಭಾನುವಾರ ಭಾನುವಾರ ನಿನ್ನ ಕಾಲುಚೀಲಾನೇ ಹಾಕ್ಕೊಳೋಳು, ಎಂದಳು ನತಾಲಿನಾ, ಆ ದಪ್ಪ ಕರೀ ಲಂಗದ ಅಡಿ, ಯಾರಿಗೂ ಕಾಣ್ತಿರ್ಲಿಲ್ಲ, ಎಳೆ ಬಿಟ್ರೆ ತಲೆಗೂದಲು ಕಿತ್ತು ಅದ್ರಲ್ಲೇ ಹೊಲೀತಿದ್ಳು, ಕಳಿಸಿದ್ ಸಾಕು ಕಣ್ ಹೋಗತ್ತೆ ಅಂತ ಬರಿ ಅನ್ನೋಳು, ನಾ ಬರೀತಿರ್ಲಿಲ್ಲ. ಆ ಮಗು ನನ್ ಪಕ್ಕ ಮಲಗ್ತಿತ್ತು, ಆರು ವರ್ಷ, ನನ್ ಕಿವಿ ಹಿಡ್ಕೊಳ್ದೆ ನಿದ್ದೆ ಬರ್ತಿರ್ಲಿಲ್ಲ ಅದಕ್ಕೆ. ನೀನು ಅಮ್ಮನ ಜೊತೆ ಜಗಳ ಆಡ್ತೀಯ, ಸಿಟ್ಟಲ್ಲಿ ಇನ್ನೊಂದ್ ವರ್ಷ ಮುಂದಕ್ಕೆ ಹಾಕ್ತೀಯ ಅಂದ್ಕೊಂಡೆ, ಒಂದ್ ವರ್ಷ ಸಾಕಾಗಿತ್ತು ನಂಗೆ ಆಗ, ಪೂರ್ತಿ ಬಿಟ್ಟೇ ಹೋಗ್ತೀಯ ಅಂತ ಯಾರಿಗ್ಗೊತ್ತಿತ್ತು. ಒಂದು ಜೊತೆ ಕಾಲುಚೀಲಕ್ಕೆ ಮಗೂನ ಬಿಟ್ಟು ಹೋದೋಳು ನೀನು. ಕಟ್ಟಿದ್ದು ನಾನು, ಬಿಟ್ಟು ಹೋಗಿದ್ದು ನೀನು. ಅಮ್ಮ, ಎಂದಳು ಲೊರೇತಾ. ಅಮ್ಮಂಗೆ ಅವತ್ತೇ ಗೊತ್ತಾಯ್ತು, ಹಿತ್ತಿಲಿಗೆ ಹೋಗಿ ನೋಡಿದ್ಳು, ಎಲ್ಲಾ ಬಿಚ್ಚಿ ಒಗ್ದು ಒಣಗ್ಹಾಕಿದ್ಳು, ಒಂದ್ ಚಳಿಗಾಲ ಪೂರ್ತಿ ನನ್ನ ಮಾತಾಡಿಸ್ಲಿಲ್ಲ. ಲೊರೇತಾಗೆ ಬರಿ, ನೀನೇ ಕಟ್ಟಿದ್ದು ಅಂತ ಬರಿ, ಅಂದ್ಳು ಒಂದ್ಸಲ. ನಾ ಬರೀಲಿಲ್ಲ. ಪಾದ್ರಿ ಹತ್ರ ಬರೆಸ್ಬಹುದಿತ್ತು, ಮೇಷ್ಟ್ರ ಹತ್ರ ಬರೆಸ್ಬಹುದಿತ್ತು, ಬರೆಸ್ಲಿಲ್ಲ, ಎರಡನೇ ಸಲ ನನ್ ಹತ್ರ ಹೇಳ್ಲೂ ಇಲ್ಲ. ಅವಳಿಗೂ ಹುಡುಗಿ ಬೇಕಿತ್ತು ಲೊರೇ.

ಹಾಗಾದರೆ ಬಾಯಿ ಅರ್ಧ ತೆರೆದು ನಿಂತದ್ದು ಒಪ್ಪಿಗೆಯಲ್ಲ, ಅಮ್ಮನಿಗೆ ಅರ್ಥವೇ ಆಗಿರಲಿಲ್ಲ, ಯಾವ ಹಗ್ಗ, ಯಾವ ಟೊಮ್ಯಾಟೊ, ಅವಳ ಕಾಲಿನಲ್ಲಿ ಆ ಹೊತ್ತಿಗೂ ಇತ್ತೋ ಏನೋ, ಲಂಗ ಎತ್ತಿ ತೋರಿಸಿದ್ದರೆ ಆಗಿಹೋಗುತ್ತಿತ್ತು, ಎರಡು ಗೇಣು ಎತ್ತಿದ್ದರೆ ಸಾಕಿತ್ತು — ಆಮೇಲೆ ಅರ್ಥವಾಯಿತು, ಅರ್ಥವಾಗಿಯೂ ಏಳು ವರ್ಷ ಬದುಕಿದ್ದಳು, ಮೆಟ್ಟಿಲ ಮೇಲೆ ಮೊಮ್ಮಗಳ ಜಡೆ ಹಾಕುತ್ತ, ಪಾದ್ರಿಯ ಮನೆ ಇಪ್ಪತ್ತು ಹೆಜ್ಜೆ, ಹೋಗಲಿಲ್ಲ, ಸಾಯುವಾಗ ಕಾಲುಚೀಲ ಕೇಳಿದಳು, ಇದೇನು ಕ್ಷಮೆಯೋ, ದಂಡವೋ, ಮಣ್ಣಿನಡಿ ಯಾರಿಗೂ ಕಾಣದ ಹಾಗೆ ಹಾಕಿಕೊಂಡರೆ ಏನು ಬಂತು, ಬದುಕಿದ್ದಾಗಲೂ ಲಂಗದಡಿ, ಸತ್ತಮೇಲೂ ಮಣ್ಣಿನಡಿ — ಫೋನು ಬಡಿದುಕೊಂಡಿತು. ನತಾಲಿನಾಳ ಕೈತುಂಬ ಮಣ್ಣು, ಸ್ಪಿರಿಟ್ಟು, ಅಮ್ಮ, ಅವಳು ಕೋಟಿನ ಜೇಬಿನ ಕಡೆ ಗದ್ದ ತೋರಿಸಿದಳು, ತೆಗಿ, ನಿಂತುಹೋಗತ್ತೆ, ಲೊರೇತಾ ಬಗ್ಗಿ ತಂಗಿಯ ಜೇಬಿನಿಂದ ಫೋನು ತೆಗೆದಳು, ಒತ್ತಿದಳು, ಕಿವಿಗಿಟ್ಟಳು, ಮಮ್ಮಾ, ಮುಗೀತಾ, ಎಂದಿತು ಫೋನು, ಬಿಸಿಯಾಗಿ, ಕಿವಿಯೊಳಗೇ, ಮಮ್ಮಾ — ಒಂದು ಉಸಿರು ಎಳೆಯುವಷ್ಟು ಹೊತ್ತು ಆ ಪದ ಬೇರೆ ಯಾರದೂ ಆಗದೆ ಅವಳದೇ ಆಗಿತ್ತು, ಆಮೇಲೆ, ಇನ್ನೂ ಇಲ್ಲ, ಎಂದಳು. ಓ, ಲೊರೇತಾ, ನೀವಾ, ಕ್ಷಮಿಸಿ, ಪ್ರಯಾಣ ಚೆನ್ನಾಗಾಯ್ತಾ. ನೀವು. ಹದಿನೆಂಟನೆಯ ವಯಸ್ಸಿಗೆ ಸ್ವಿಟ್ಜರ್ಲೆಂಡಿನ ಮನೆಗೆ ಹತ್ತು ದಿನ ಬಂದು ಸೋಫಾದ ಅಂಚಿನಲ್ಲಿ ಕೋಟು ಬಿಚ್ಚದೆ ಕೂತಾಗಲೂ ನೀವು, ಎಲ್ವಿಯೊನ ಶವದ ಮುಂದೆಯೂ ನೀವು. ನತಾಲಿನಾ ನೋಡುತ್ತಿದ್ದಳು, ಬೇಡ ಎಂದು ಸನ್ನೆ ಮಾಡಲಿಲ್ಲ, ಹೇಳು ಎಂದೂ ಮಾಡಲಿಲ್ಲ, ಮಂಡಿಯ ಮೇಲೆ ಕೈಯಿಟ್ಟುಕೊಂಡು, ಕತ್ತು ಚಾಚಿ ಕೂತ ಕುರಿಯ ಹಾಗೆ ಕಾಯುತ್ತಿದ್ದಳು, ಹೇಳಬಹುದಿತ್ತು, ಬಾಯಿಯವರೆಗೆ ಬಂದಿತ್ತು, ಕೇಳು ಇವಾನಾ, ನಿನ್ನ ಮಮ್ಮಾ ಏನು ಮಾಡಿದಳು ಕೇಳು, ಕೇಳಿ ಅವಳು ಏನು ಅಂದಾಳು, ಇವಳನ್ನೂ ಇಟ್ಕೊಳ್ಳಿ ಅಂತ ಅಂದಿದ್ದು ಯಾರು, ನಾ ಮೆಟ್ಟಿಲ ಮೇಲೇ ಕೂತಿದ್ದೆ, ಎನ್ನುತ್ತಾಳೆ, ನಲವತ್ತನಾಲ್ಕರ ಹೆಂಗಸಿಗೆ ಇರುವ ಒಬ್ಬ ತಾಯಿಯನ್ನೂ ಕಿತ್ತುಕೊಂಡು ಅಲ್ಲಿ ಏನು ಇಡುವುದು, ಇವಳ ಹತ್ತಿರ ಏನಿದೆ ಇಡಲು. ಅವಳ ಕೈ ಮಣ್ಣಾಗಿದೆ, ಎಂದಳು ಲೊರೇತಾ ಫೋನಿಗೆ, ಆಮೇಲೆ ಅವಳೇ ಮಾಡ್ತಾಳೆ, ಏನೂ ಎತ್ತಿಲ್ಲ ಅವಳು, ದೊನಾತೋನೇ ಎತ್ತಿದ್ದು. ಒತ್ತಿ ಆರಿಸಿದಳು. ಫೋನನ್ನು ತಂಗಿಯ ಜೇಬಿಗೆ ಮರಳಿ ಹಾಕಿದಳು, ಹಾಕುವಾಗ ನತಾಲಿನಾ ಕಣ್ಣು ಮುಚ್ಚಿದಳು, ಲೊರೇ, ಎಂದಳು, ಥ್ಯಾಂಕ್ಸ್ ಹೇಳಿದರೆ ಈ ಬಕೀಟನ್ನು ನಿನ್ನ ತಲೆಯ ಮೇಲೆ ಸುರಿಯುತ್ತೇನೆ ಎಂದುಕೊಂಡಳು ಇವಳು, ನತಾಲಿನಾ ಹೇಳಲಿಲ್ಲ, ಅಷ್ಟು ಬುದ್ಧಿಯಿದೆ ಅವಳಿಗೆ.

ದೊನಾತೋ ಪೆಟ್ಟಿಗೆ ತಂದ, ಒಂದು ಮಗು ಮಲಗುವಷ್ಟು ಉದ್ದದ್ದು, ಎಲುಬುಗಳನ್ನು ಉದ್ದದಿಂದ ಸಣ್ಣಕ್ಕೆ ಜೋಡಿಸತೊಡಗಿದ, ಕಾಲುಚೀಲದ ಸರದಿ ಬಂದಾಗ, ಇದನ್ನ ಒಳಗೆ ಹಾಕೋ ಹಂಗಿಲ್ಲ ಜಿಯಾ, ಎಲುಬು ಮಾತ್ರ ಅಂತ ನಿಯಮ, ಖಾಲಿ ಮಾಡ್ಬೇಕು, ಎಂದು ಒಂದನ್ನು ಮೇಲಂಚು ಹಿಡಿದು ತಲೆಕೆಳಗು ಮಾಡಿ ಒದರಿದ, ಪಾದದ ಚೂರುಗಳು ತಗಡಿನ ಮೇಲೆ ಅವರೆಕಾಳಿನ ಹಾಗೆ ಉರುಳಿದವು, ಖಾಲಿಯಾದದ್ದನ್ನು ಉಂಡೆ ಮಾಡಿ ಕಸದ ಕಪ್ಪು ಚೀಲಕ್ಕೆ ಹಾಕಿದ, ಎರಡನೆಯದಕ್ಕೆ ಕೈಯಿಟ್ಟ. ಅದನ್ನ ಇಲ್ಲಿ ಕೊಡು, ಎಂದಳು ಲೊರೇತಾ. ಸಿನ್ಯೋರಾ, ಗವುಸಿಲ್ಲ ನಿಮ್ಗೆ. ಕೊಡು ಅಂದೆ. ಕೊಟ್ಟ. ಉದ್ದನೆಯ ಎರಡು ಎಲುಬನ್ನು ಅವಳೇ ಎಳೆದು ಪೆಟ್ಟಿಗೆಯಲ್ಲಿಟ್ಟಳು, ಚೂರುಗಳನ್ನು ಅಂಗೈಗೆ ಇಳಿಸಿಕೊಂಡು ಒಂದೊಂದೇ ಹಾಕಿದಳು, ಆಮೇಲೆ ಕಾಲುಚೀಲ ಕೈಯಲ್ಲೇ ಉಳಿಯಿತು, ಆಚೆ ಗೋಡೆಯ ಹೊರಗೆ ಕೆಂಪು ಸ್ಕಾರ್ಫಿನ ಹುಡುಗಿಯ ದನಿ, ಈ ಕಡೆ ಬನ್ನಿ, ಇಲ್ಲಿಂದ ಕಣಿವೆ ಪೂರ್ತಿ ಕಾಣತ್ತೆ, ಅವಳು ಬಲಗೈಯನ್ನು ಒಳಗಿಳಿಸಿದಳು, ಕೈ ತಾನೇ ಇಳಿಯಿತು, ಮುಷ್ಟಿ ಹಿಡಿದು ಇಳಿದು ತುದಿ ಮುಟ್ಟಿದ ಮೇಲೆ ಬೆರಳು ಅಗಲಿಸುವುದು, ಅಗಲಿಸಿದಳು, ಬೆಳಕಿಗೆ ಹಿಡಿದಳು, ಮಣ್ಣು ಸಣ್ಣಗೆ ಉದುರಿತು, ಹಿಮ್ಮಡಿ, ಅಂಗಾಲು, ತುದಿ, ತಪ್ಪು ಸಿಕ್ಕರೆ ಎಡಗಡೆಯ ಬುಟ್ಟಿಗೆ, ಹಿಮ್ಮಡಿ, ಅಂಗಾಲು, ತುದಿ, ಎಲ್ಲೂ ಒಂದು ಎಳೆ ಬಿಟ್ಟಿಲ್ಲ, ತಿರುಗಿಸಿ ನೋಡಿದಳು, ಮತ್ತೆ ತಿರುಗಿಸಿದಳು, ಸಾಕು ಲೊರೇ, ಎಂದಳು ನತಾಲಿನಾ, ಒಂದು ಎಳೆಯೂ ಬಿಟ್ಟಿಲ್ಲ, ತುದಿಯ ಮೂಲೆಯಲ್ಲಿ ಒಂದು ಸಣ್ಣ ಎಲುಬು ಇನ್ನೂ ಉಳಿದುಕೊಂಡು ಅವಳ ನಡುಬೆರಳಿಗೆ ತಾಗುತ್ತಿತ್ತು, ಕಿರುಬೆರಳಿನದಿರಬೇಕು, ಹಿಮ್ಮಡಿ, ಅಂಗಾಲು, ತುದಿ, ಆ ಎಲುಬು, ಹಿಮ್ಮಡಿ, ಅಂಗಾಲು, ತುದಿ, ಆ ಎಲುಬು